ಗುಜರಿಗೆ ಹಾಕುವ ಮುನ್ನ: ಹಳೇ ಸಾಮಾನಿನ ವ್ಯಾಪಾರಕ್ಕೆ ಹನ್ನೆರಡು ಸೂತ್ರ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದರೆ ಈಗ ಎಲ್ಲರೂ ಹೆಲಿಕಾಪ್ಟರ್ ಅನ್ನುತ್ತಾರೆ. 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆ, 2016ರಲ್ಲಿ ಅಡಿಗಲ್ಲು, 2023ರ ಫೆಬ್ರುವರಿ 6ರಂದು ಉದ್ಘಾಟನೆ. ನನಗೆ ಮಾತ್ರ ಕಾವಲ್ ಎಂದರೆ ನೆನಪಾಗುವುದು ಅಟ್ಟ. ಸುತ್ತಲ ಊರುಗಳಲ್ಲಿ ಹೆಂಚಿನ ಮನೆ ಇಳಿಸಿ ಆರ್‌ಸಿಸಿ ಕಟ್ಟಿಸುವವರು ಹೆಚ್ಚಿದ್ದಾರೆ. ಮನೆ ಇಳಿಸುವಾಗ ಮೊದಲು ಖಾಲಿಯಾಗುವುದು ಅಟ್ಟ. ತಾಮ್ರದ ಹಂಡೆ, ಬಾಯಿ ಒಡೆದ ಲಾಟೀನು, ಮುಚ್ಚಳ ಕಿತ್ತ ಟ್ರಂಕು, ಅದರೊಳಗೆ ಅಜ್ಜನ ಗಡಿಯಾರ, ಮದುವೆಯ ಲಗ್ನಪತ್ರಿಕೆ ಎಲ್ಲ ಅಂಗಳಕ್ಕೆ ಬಂದು ಬೀಳುತ್ತವೆ. ಅದೇ ಹೊತ್ತಿಗೆ ಬೀದಿಯಲ್ಲಿ ‘ಹಳೇ ಪಾತ್ರೆ, ಹಳೇ ಕಬ್ಬಿಣಾ’ ಎಂಬ ಕೂಗು ಕೇಳಿಸುತ್ತದೆ. ಆ ಕೂಗಿಗಿಂತ ಒಂದು ಗಳಿಗೆ ಮುಂಚೆ ಅಂಗಳ ತಲುಪುವುದೇ ನನ್ನ ವ್ಯಾಪಾರ. ಕೆಲವು ವರ್ಷದಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೊಳ್ಳುವಾಗಲೇ ಲಾಭ ಮಾಡಿಕೊಳ್ಳಿ

ಮಾರುವಾಗ ಮಾಡಿಕೊಳ್ಳೋಣ ಎಂದು ಕೊಂಡವನ ಮನೆ ಎರಡನೇ ಅಟ್ಟವಾಗುತ್ತದೆ. ನಮ್ಮ ಮನೆಯ ಹಿತ್ತಲ ಕೋಣೆ ಅದಕ್ಕೆ ಸಾಕ್ಷಿ. ಲೋಹದ ಸಾಮಾನಾದರೆ ಗುಜರಿಯ ಕೆ.ಜಿ. ಬೆಲೆಯೇ ನೆಲ. ಅದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ, ಕೊಟ್ಟರೂ ನೀವು ಕೇಳಬಾರದು. ಆವತ್ತಿನ ತಾಮ್ರ, ಹಿತ್ತಾಳೆಯ ದರ ತಿಳಿದುಕೊಂಡೇ ಮನೆ ಬಿಡಿ, ಕೈತಕ್ಕಡಿ ಜೊತೆಗಿರಲಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದು ಮಾರಾಟವಾಗದೆ ಉಳಿದರೆ ಗುಜರಿಗೆ ಹಾಕಿ ಅಸಲು ಎತ್ತಬಲ್ಲೆನೆ? ಎತ್ತಬಹುದು ಎಂದಾದರೆ ಧೈರ್ಯವಾಗಿ ತಗೊಳ್ಳಿ. ಮರ, ಗಾಜು, ಪಿಂಗಾಣಿಗೆ ಈ ನೆಲವಿಲ್ಲ. ಹಾಗಾಗಿ ಅಲ್ಲಿ ಕೈ ಬಿಗಿ ಹಿಡಿಯಿರಿ.

2. ಒಂದು ಸಾಮಾನನ್ನು ಪೂರ್ತಿ ಕಲಿಯಿರಿ. ತುಮಕೂರಿನವರಾದರೆ ಅದು ಎಚ್‌ಎಂಟಿ ಆಗಲಿ

ಮೊದಮೊದಲು ನಾನು ಕಂಡದ್ದೆಲ್ಲ ಕೊಂಡೆ. ರೇಡಿಯೊ, ಹೊಲಿಗೆ ಯಂತ್ರ, ಅಳಗುಳಿಮಣೆ, ನಾಣ್ಯ ಎಲ್ಲದರಲ್ಲೂ ಅರೆಜ್ಞಾನ, ಎಲ್ಲದರಲ್ಲೂ ಅರೆನಷ್ಟ. ಕಡೆಗೆ ಕಾಲ ಬುಡದಲ್ಲೇ ಇದ್ದದ್ದು ಕಾಣಿಸಿತು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರುವಾಯಿತು. 1978ರಲ್ಲಿ ತುಮಕೂರಿನಲ್ಲೂ ಒಂದು ಕಾರ್ಖಾನೆ ಎದ್ದಿತು, ಮುಂದೆ ಅಲ್ಲಿ ಕ್ವಾರ್ಟ್ಜ್ ಗಡಿಯಾರಗಳೂ ತಯಾರಾದವು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ಒಂದು ತಲೆಮಾರಿಗೆ ಮನೆಮಕ್ಕಳ ಹೆಸರಿದ್ದಂತೆ. ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಅಳಿಯ ಬಂದರೆ ಎಚ್‌ಎಂಟಿ, ನಿವೃತ್ತಿಯಾದರೆ ಹಿಂಬದಿಯಲ್ಲಿ ಹೆಸರು ಕೆತ್ತಿಸಿದ ಎಚ್‌ಎಂಟಿ. ಕಾಂಚನ್ ಸಿಗಬೇಕಾದರೆ ಗುರುತಿನವರನ್ನು ಹಿಡಿಯಬೇಕಾಗಿದ್ದ ಕಾಲವೂ ಇತ್ತು. ವರದಕ್ಷಿಣೆಯ ಪಟ್ಟಿಯಲ್ಲಿ ಅದರ ಹೆಸರಿರುತ್ತಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ಗಡಿಯಾರ ಹೋದ ಜಿಲ್ಲೆಗೆ ರಾಕೆಟ್ಟಿನವರೂ ಹೆಲಿಕಾಪ್ಟರಿನವರೂ ಬಂದಿದ್ದಾರೆ, ಇರಲಿ.

ನಮಗೆ ಬೇಕಾದ ಮಾತು ಇಷ್ಟೇ. ಬೇರೆ ಊರಿನ ವ್ಯಾಪಾರಿ ಒಂದು ಎಚ್‌ಎಂಟಿಗೆ ಹತ್ತು ಬೀದಿ ಅಲೆಯಬೇಕು. ಇಲ್ಲಿ ಕಾರ್ಖಾನೆಯಲ್ಲಿ ದುಡಿದವರೇ ಇದ್ದಾರೆ, ಅವರ ಬೀರುಗಳಿವೆ. ಅದಕ್ಕಿಂತ ದೊಡ್ಡ ಆಸ್ತಿ ಅವರ ಕಣ್ಣು. ಮುಚ್ಚಳ ತೆಗೆದು ತೋರಿಸಿದರೆ ‘ಈ ಚಕ್ರ ಇದರದ್ದಲ್ಲ’ ಎಂದು ಒಂದೇ ನೋಟಕ್ಕೆ ಹೇಳುವವರು ಇನ್ನೂ ಇದ್ದಾರೆ. ಅಂಥವರ ಜೊತೆ ಒಂದು ಕಾಫಿ ಕುಡಿಯುವುದು ಹತ್ತು ಯೂಟ್ಯೂಬ್ ವಿಡಿಯೊಗೆ ಸಮ. ಕಾಫಿ ದುಡ್ಡು ನೀವೇ ಕೊಡಿ.

ಸಂಗ್ರಹಿಸುವವರು ಹೆಚ್ಚಾಗಿ ಕೇಳುವುದು ಕೀ ಕೊಡುವ ಗಡಿಯಾರವನ್ನು. ಕೈಗೆ ಸೆಲ್ ಗಡಿಯಾರ ಬಂದರೆ ಬಿಸಾಡಬೇಡಿ, ಆದರೆ ಅದರ ಮೇಲೆ ಆಸೆಯನ್ನೂ ಕಟ್ಟಿಕೊಳ್ಳಬೇಡಿ.

3. ಮುಖ ನೋಡಿ ಮೆಚ್ಚಬೇಡಿ, ಬೆನ್ನು ಬಿಚ್ಚಿಸಿ

ನನ್ನ ಮೊದಲ ‘ಜನತಾ’ ಕೆಂಪು ಬಣ್ಣದ್ದು. ಫಳಫಳ ಹೊಳೆಯುತ್ತಿತ್ತು. ಹೊರ ಊರಿನ ವ್ಯಾಪಾರಿಯೊಬ್ಬನಿಂದ ಆನ್‌ಲೈನ್‌ನಲ್ಲಿ ತರಿಸಿ, ಊರಿಗೆಲ್ಲ ತೋರಿಸಿ ಹಿಗ್ಗಿದೆ. ಕಾರ್ಖಾನೆಯಲ್ಲಿ ದುಡಿದ ಯಜಮಾನರೊಬ್ಬರು ಕನ್ನಡಕ ಏರಿಸಿ ನೋಡಿ, ‘ಪೆಟ್ಟಿಗೆ ಒಂದರದ್ದು, ಮುಳ್ಳು ಇನ್ನೊಂದರದ್ದು, ಮುಖಕ್ಕೆ ಮೊನ್ನೆ ಬಣ್ಣ ಹೊಡೆದವ್ರೆ ಕಣಪ್ಪ’ ಎಂದು ಕೈಗೆ ವಾಪಸ್ ಇಟ್ಟರು.

ಎಚ್‌ಎಂಟಿಯ ಹೆಸರಿನಲ್ಲಿ ಇಂಥ ಕಲಬೆರಕೆ ಗಡಿಯಾರಗಳು ಮಾರುಕಟ್ಟೆಯಲ್ಲಿ ತುಂಬಿವೆ. ಹಳೇ ಯಂತ್ರ, ಹೊಸದಾಗಿ ಅಚ್ಚು ಹಾಕಿದ ಡಯಲು, ಎಲ್ಲಿಂದಲೋ ತಂದ ಮುಳ್ಳು. ಗುರುತು ಹಿಡಿಯುವುದು ಬ್ರಹ್ಮವಿದ್ಯೆಯೇನಲ್ಲ. ಅರವತ್ತು ವರ್ಷದ ಗಡಿಯಾರದ ಪೆಟ್ಟಿಗೆಯ ಮೇಲೆ ಗೀರಿದ್ದು ಡಯಲ್ ಮಾತ್ರ ಮದುಮಗಳಂತಿದ್ದರೆ ಅನುಮಾನಿಸಿ. ಅಕ್ಷರದ ಅಂಚು ಮಸುಕಾಗಿದ್ದರೆ, ಗಂಟೆಯ ಗೀಟುಗಳು ಸಾಲು ತಪ್ಪಿದ್ದರೆ, ಗಿಳಿಹಸಿರು, ಕಡುಗುಲಾಬಿ ಬಣ್ಣಗಳಿದ್ದರೆ ಮುಂದೆ ಹೋಗಿ. ಒಳಗಿನ ಯಂತ್ರದ ಮೇಲೆ ಎಚ್‌ಎಂಟಿ ಮುದ್ರೆ ಇದೆಯೇ, 17 ಜ್ಯುವೆಲ್ ಎಂದು ಡಯಲ್ ಹೇಳುವುದಕ್ಕೂ ಒಳಗಿನದಕ್ಕೂ ತಾಳೆಯಾಗುತ್ತದೆಯೇ ನೋಡಿ. ಗಡಿಯಾರದ ಅಂಗಡಿಯವನಿಗೆ ಬೆನ್ನು ಬಿಚ್ಚಲು ಎರಡು ನಿಮಿಷ ಸಾಕು. ಬೆನ್ನು ಬಿಚ್ಚಲು ಒಪ್ಪದವನಿಂದ ಕೊಳ್ಳಬೇಡಿ.

ಆ ಕೆಂಪು ಗಡಿಯಾರ ಇವತ್ತಿಗೂ ನನ್ನ ಕೈಯಲ್ಲೇ ಇದೆ. ದಿನಕ್ಕೆ ಎಂಟು ನಿಮಿಷ ಹಿಂದೆ ಓಡುತ್ತದೆ.

4. ಉಜ್ಜಬೇಡಿ

ಹುಣಸೆಹಣ್ಣು, ಪೀತಾಂಬರಿ ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಹಳೇ ಹಿತ್ತಾಳೆಯ ಮೇಲೆ ಕೂತ ಕಂದುಬಣ್ಣವೇ ಅದರ ವಯಸ್ಸಿನ ಸರ್ಟಿಫಿಕೇಟು. ಉಜ್ಜಿದರೆ ನಿನ್ನೆ ತಂದ ಪಾತ್ರೆಯಾಗುತ್ತದೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ. ಅಡುಗೆಗೆಂದೇ ಕೊಳ್ಳುವ ಗಿರಾಕಿ ಬಂದರೆ ಮಾತು ಬೇರೆ. ಅವರಿಗೆ ಕಲಾಯಿ ಹಾಕಿಸಿಯೇ ಕೊಡಿ, ಇಲ್ಲವೇ ಕಲಾಯಿ ಹೋಗಿದೆ ಎಂದು ಹೇಳಿ ಕೊಡಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಏನಾಗುತ್ತದೆಂದು ನಿಮ್ಮ ಅಜ್ಜಿಗೆ ಗೊತ್ತು, ಅಪಾರ್ಟ್‌ಮೆಂಟಿನ ಹುಡುಗಿಗೆ ಗೊತ್ತಿಲ್ಲ.

5. ಕಾಲ ಹೇಳುವ ಚಿಕ್ಕ ಗುರುತುಗಳನ್ನು ಬಾಯಿಪಾಠ ಮಾಡಿ

‘ನೂರು ವರ್ಷ ಹಳೇದು’ ಎಂದು ಎಲ್ಲರೂ ಹೇಳುತ್ತಾರೆ. ಸಾಮಾನೇ ನಿಜ ಹೇಳುವಂತೆ ಮಾಡಬಹುದು. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ಕ್ಕಿಂತ ಹಿಂದಿನದು, ಆ ವರ್ಷ ನಯಾಪೈಸೆ ಬಂತು. ಡಬ್ಬಿಯ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕೆ ಮುಂಚಿನದು. ಇಂಗ್ಲಿಷಿನಲ್ಲಿ ‘ತುಮ್‌ಕೂರ್’ ಹೋಗಿ ‘ತುಮಕೂರು’ ಬಂದದ್ದು 2014ರಲ್ಲಿ. ಹೊಸ ಕಾಗುಣಿತದ ‘ಸ್ವಾತಂತ್ರ್ಯಪೂರ್ವದ’ ಬೋರ್ಡೊಂದನ್ನು ನನಗೆ ಮಾರಲು ಬಂದಿದ್ದ ಪುಣ್ಯಾತ್ಮನಿಗೆ ಇದು ಗೊತ್ತಿರಲಿಲ್ಲ.

ಸೇರು, ಪಾವು, ಚಟಾಕುಗಳ ಮೇಲೆ ಸರ್ಕಾರಿ ಮುದ್ರೆ ಹುಡುಕಿ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಹಳ್ಳಿಗಳಲ್ಲಿ ಇವತ್ತಿಗೂ ರಾಗಿಯನ್ನು ಸೇರಿನಲ್ಲೇ ಅಳೆಯುವುದರಿಂದ ಸೇರು ಕಂಡ ಕೂಡಲೇ ಹಳೆಯದೆಂದು ಹಾರಬೇಡಿ, ಮುದ್ರೆ ಇದ್ದರೆ ಮಾತ್ರ ಅದಕ್ಕೆ ಚರಿತ್ರೆ.

6. ಅಜ್ಜಿಯ ಮೊಮ್ಮಗ ಫೋನು ನೋಡುತ್ತಾನೆ

ಈ ಹನ್ನೆರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನು.

ಕಾವಲ್ ಕಡೆಯ ಊರೊಂದರಲ್ಲಿ ಅಜ್ಜಿಯೊಬ್ಬರ ಮನೆ ಇಳಿಸುತ್ತಿದ್ದರು. ಮುದ್ರೆಯಿದ್ದ ಹಿತ್ತಾಳೆ ಕೊಳಗ ಮೂಲೆಯಲ್ಲಿತ್ತು. ‘ಎಷ್ಟ್ ಕೊಡ್ತೀಯಪ್ಪ?’ ಎಂದರು. ಆರುನೂರು ಎಂದೆ. ‘ಆಯ್ತು ತಗಂಡೋಗು, ಇನ್ನೇನ್ ಮಾಡಾನ’ ಎಂದು ಮಜ್ಜಿಗೆಯನ್ನೂ ಕೊಟ್ಟರು. ವಾರಕ್ಕೆ ಫೋಟೊ ಹಾಕಿ ಬೆಲೆ ಬರೆದೆ: ಆರು ಸಾವಿರ. ಸಂಜೆಗೆ ಫೋನು. ‘ಅಣ್ಣಾ, ಅದು ನಮ್ಮಜ್ಜೀದು. ಬಾಯಿ ಹತ್ರ ಸೊಟ್ಟ ಐತಲ್ಲ, ನಾನೇ ಚಿಕ್ಕವನಿದ್ದಾಗ ಬೀಳಿಸಿದ್ದು.’ ಹುಡುಗ ಪೀಣ್ಯದಲ್ಲಿ ಕೆಲಸದಲ್ಲಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆನ್‌ಲೈನ್ ಎಂದರೆ ಜಗತ್ತಿಗೆ ಮಾರುವುದು ಎಂದುಕೊಂಡಿದ್ದೆ. ಅದು ಊರ ಅರಳಿಕಟ್ಟೆಯ ಮೇಲೆ ಬೆಲೆಚೀಟಿ ಅಂಟಿಸಿದ ಹಾಗೆ, ಮೊದಲು ನೋಡುವವರು ಊರಿನವರೇ. ಆಮೇಲಿನಿಂದ ನನ್ನ ಕ್ರಮ ಬದಲಾಯಿತು. ಒಳ್ಳೆಯ ಸಾಮಾನು ಕಂಡರೆ ‘ಅಜ್ಜಿ, ಇದು ಗುಜರಿಗೆ ಹಾಕುವಂಥದ್ದಲ್ಲ. ಇಷ್ಟಕ್ಕೆ ಹೋಗಬಹುದು, ನನಗೆ ಇಷ್ಟು ಸಿಗಬೇಕು’ ಎಂದು ಬಾಯಿಬಿಟ್ಟು ಹೇಳುತ್ತೇನೆ. ದೊಡ್ಡ ಸಾಮಾನಾದರೆ ಅರ್ಧ ಈಗ, ಮಾರಿದ ಮೇಲೆ ಉಳಿದ ಪಾಲು. ನಷ್ಟವಾಯಿತೇ? ಒಂದೊಂದು ಸಾಮಾನಿನಲ್ಲಿ ಆಯಿತು. ಆದರೆ ಈಗ ಅಟ್ಟ ಇಳಿಸುವ ಹಿಂದಿನ ದಿನವೇ ಜನ ಫೋನು ಮಾಡುತ್ತಾರೆ. ಪೀಣ್ಯದ ಆ ಹುಡುಗನೇ ಮೂರು ಮನೆ ತೋರಿಸಿದ್ದಾನೆ. ಕೊಳಗ ಅವನ ಮನೆಗೇ ವಾಪಸ್ ಹೋಯಿತು, ಆರುನೂರಕ್ಕೆ.

7. ಕಾಗದವನ್ನು ತಕ್ಕಡಿಗೆ ಹಾಕಲು ಬಿಡಬೇಡಿ

ಗುಜರಿಯಲ್ಲಿ ಅತಿ ಅಗ್ಗ ಕಾಗದ. ಗುಬ್ಬಿಯ ಸುತ್ತ ಅದೇ ಚಿನ್ನವಾಗಬಹುದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿನಾಚೆಗೂ ಹೆಸರು ಮಾಡಿಸಿದ ಗುಬ್ಬಿ ವೀರಣ್ಣ, ಅಲ್ಲಿ ಬಣ್ಣ ಹಚ್ಚಿ ಮುಂದೆ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜ್‌ಕುಮಾರ್ ಇಷ್ಟೆಲ್ಲ ಇರುವ ನೆಲದಲ್ಲಿ ನಾಟಕದ ಹ್ಯಾಂಡ್‌ಬಿಲ್ಲು, ಹಾಡಿನ ಪುಸ್ತಕ, ಟಿಕೆಟಿನ ಚೂರು, ಕಂಪನಿಯ ಮುಂದೆ ತೆಗೆಸಿದ ಫೋಟೊ ಯಾವ ಟ್ರಂಕಿನ ತಳದಲ್ಲಿದೆಯೋ ಯಾರಿಗೆ ಗೊತ್ತು. ಹಳೇ ಚಂದಮಾಮ, ಸುಧಾ, ಕಸ್ತೂರಿ ಸಂಚಿಕೆಗಳಿಗೂ ಗಿರಾಕಿ ಇದ್ದಾರೆ. ಬಿಡಿಯಾಗಿ ಅಲ್ಲ, ವರ್ಷಪೂರ್ತಿ ಕಟ್ಟಿದ್ದರೆ. ರೇಡಿಯೊ ಸಿಕ್ಕಿತೇ? ಅದರ ಲೈಸೆನ್ಸ್ ಪುಸ್ತಕ ಕೇಳಿ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಪುಸ್ತಕ ಜೊತೆಗಿದ್ದರೆ ರೇಡಿಯೊ ಮೂಕವಾಗಿದ್ದರೂ ಮಾರಾಟವಾಗುತ್ತದೆ.

8. ಕೈ ಹಾಕಬಾರದ್ದು

ಇಲ್ಲಿ ತಮಾಷೆ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರ, ನಾಣ್ಯ, ಕಲಾವಸ್ತುಗಳು ಪುರಾತನ ವಸ್ತು. ವಿದ್ವತ್ತಿನ, ಚರಿತ್ರೆಯ ಬೆಲೆಯಿರುವ ಹಸ್ತಪ್ರತಿಗೆ 75 ವರ್ಷವೇ ಸಾಕು. ಇವನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ವಿದೇಶದ ಗಿರಾಕಿಗೆ ಹಳೇ ಹಿತ್ತಾಳೆ ಕಳಿಸುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಪಾಯ ತೋಡುವಾಗ ನೆಲದಲ್ಲಿ ನಿಧಿ ಸಿಕ್ಕರೆ ಅದು ನಿಮ್ಮದೂ ಅಲ್ಲ, ಮೇಸ್ತ್ರಿಯದೂ ಅಲ್ಲ, ಮೊದಲು ಸರ್ಕಾರಕ್ಕೆ ತಿಳಿಸಬೇಕು. ಆನೆದಂತ, ಜಿಂಕೆಕೊಂಬು, ಹುಲಿಯುಗುರು ಮುಟ್ಟಲೇಬೇಡಿ. ‘ತಾತನ ಕಾಲದ್ದು’ ಎಂಬ ಮಾತು ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ. 2023ರಲ್ಲಿ ಹುಲಿಯುಗುರಿನ ಲಾಕೆಟ್ ಹಾಕಿಕೊಂಡು ಟಿವಿಯಲ್ಲಿ ಕಾಣಿಸಿಕೊಂಡವರ ಕತೆ ನೆನಪಿರಬೇಕು.

ತಾಳೆಗರಿ ಕಟ್ಟು ಕಂಡರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ಸುದ್ದಿ ಕೊಡಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಸಿಕ್ಕಿದ್ದು ಯಾರೋ ಪಂಡಿತರು ಮೈಸೂರಿಗೆ ತಂದುಕೊಟ್ಟ ಅಂಥದ್ದೇ ಕಟ್ಟಿನಿಂದ. ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿ.

9. ಸೊಟ್ಟವನ್ನೇ ಮೊದಲು ತೋರಿಸಿ

ಫೋಟೊ ಬೆಳಗಿನ ಜಗಲಿಯ ಬೆಳಕಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟಿನ ಕೆಳಗೆ ಬೇಡ. ಅಳತೆ ತಿಳಿಯಲು ಪಕ್ಕದಲ್ಲೊಂದು ತೆಂಗಿನಕಾಯಿ ಇಟ್ಟು ತೆಗೆದಿದ್ದೆ. ಗಿರಾಕಿ ಒಬ್ಬರು ಕಾಯಿಯ ಬೆಲೆ ಕೇಳಿದರು. ಟೇಪು ಇಡುವುದು ವಾಸಿ. ಬಿರುಕು, ಬೆಸುಗೆ, ಬದಲಿಸಿದ ಹಿಡಿ ಎಲ್ಲಕ್ಕೂ ಒಂದೊಂದು ಫೋಟೊ. ವಿವರದಲ್ಲಿ ‘ಅಪರೂಪ’, ‘ರಾಜರ ಕಾಲದ’ ಎಂಬ ಪದಗಳನ್ನು ಬಿಟ್ಟು ತೂಕ, ಎತ್ತರ, ಯಾವ ಊರಿನ ಮನೆಯದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಬರೆಯಿರಿ. ‘ಗುಬ್ಬಿ ತಾಲ್ಲೂಕಿನ ಮನೆಯೊಂದರ ಶಾವಿಗೆ ಒರಳು, ಯುಗಾದಿಗೆ ಮಾತ್ರ ಇಳಿಸುತ್ತಿದ್ದರಂತೆ’ ಎಂಬ ಒಂದು ಸಾಲಿಗೆ ಬಂದಷ್ಟು ಫೋನು ನನ್ನ ಬೇರೆ ಯಾವ ಜಾಹೀರಾತಿಗೂ ಬಂದಿಲ್ಲ. ಮನೆಯವರ ಹೆಸರು ಮಾತ್ರ ಅವರನ್ನು ಕೇಳದೆ ಹಾಕಬೇಡಿ.

10. ಕೇಳಿದ ಬೆಲೆ ಬೆಲೆಯಲ್ಲ

ಆನ್‌ಲೈನ್‌ನಲ್ಲಿ ಲಕ್ಷ ಎಂದು ಬರೆದವನಿಗೆ ಲಕ್ಷ ಬಂದಿಲ್ಲ, ಆ ಜಾಹೀರಾತು ವರ್ಷದಿಂದ ಅಲ್ಲೇ ಕೂತಿದೆ. ಮಾರಾಟವಾಗಿ ಹೋದದ್ದರ ಬೆಲೆ ಹುಡುಕಿ. ಹಳೇ ಐದು ರೂಪಾಯಿ ನೋಟಿಗೆ ಲಕ್ಷಾಂತರ ಎಂಬ ವಿಡಿಯೊಗಳನ್ನಂತೂ ನಂಬಲೇಬೇಡಿ. ಹಳೇ ನೋಟು, ನಾಣ್ಯ ಕೊಳ್ಳುವುದಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ‘ಸೈನ್ಯದಲ್ಲಿದ್ದೇನೆ, ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಹಣ ತಗೊಳ್ಳಿ’ ಎನ್ನುವವನೂ ಆ ಜಾತಿಯವನೇ. ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ.

11. ಯಾವುದನ್ನು ಎಲ್ಲಿ ಮಾರಬೇಕು

ಭಾರದ್ದು ಊರಲ್ಲೇ, ಹಗುರದ್ದು ಆನ್‌ಲೈನ್‌ನಲ್ಲಿ. ಒರಳುಕಲ್ಲನ್ನು ಕೊರಿಯರ್ ಮಾಡಲು ಹೋಗಿ ಕಲ್ಲಿಗಿಂತ ಸಾಗಾಣಿಕೆಗೆ ಹೆಚ್ಚು ತೆತ್ತವನು ನಾನು. ಅಂಥದ್ದನ್ನು ಬೆಂಗಳೂರಿನ ಹೋಟೆಲು, ಹೋಂಸ್ಟೇ ಮಾಡುವವರು ಗಾಡಿ ತಂದು ಒಯ್ಯುತ್ತಾರೆ. ಎತ್ತಿನ ಕೊರಳ ಗಂಟೆ, ಗೆಜ್ಜೆಯ ಸರವನ್ನು ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆಗೆ ಒಯ್ದು ನೋಡಿ. ದನಗಳ ಜಾತ್ರೆಗೆ ಬರುವ ರೈತನಿಗೆ ಗಂಟೆಯ ನಾದ ತಿಳಿಯುತ್ತದೆ, ಅಲಂಕಾರಕ್ಕೆ ಕೊಳ್ಳುವವನಿಗಿಂತ ಚೌಕಾಸಿ ಕಡಿಮೆ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರ್ ಮಾರುವುದಕ್ಕಿಂತ ಕಲಿಯುವುದಕ್ಕೆ ಒಳ್ಳೆಯ ಜಾಗ, ಬೆಳಕು ಹರಿಯುವ ಮೊದಲೇ ಹೋಗಿ. ಗಡಿಯಾರವನ್ನು ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ವಿಮೆ ಮಾಡಿಸಿ ಸ್ಪೀಡ್ ಪೋಸ್ಟ್ ಮಾಡಿ. ಪ್ಯಾಕ್ ಮಾಡುವುದನ್ನು ವಿಡಿಯೊ ತೆಗೆದಿಟ್ಟುಕೊಳ್ಳಿ.

12. ಲೆಕ್ಕದ ಪುಸ್ತಕ ಬರೆಯಿರಿ

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸ್ ಬಂದಾಗ ಎಷ್ಟು ಗಲಾಟೆಯಾಯಿತು ನೋಡಿದಿರಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ನಾವು ಅದರ ಹತ್ತಿರವೂ ಇಲ್ಲ. ಆದರೆ ರಾಜ್ಯದ ಹೊರಗೆ ಆ್ಯಪ್‌ಗಳ ಮೂಲಕ ಮಾರುವವರಿಗೆ ನಿಯಮ ಬೇರೆ, ಲೆಕ್ಕಿಗರನ್ನು ಒಮ್ಮೆ ಕೇಳಿ. ನೋಂದಾಯಿಸಿಕೊಂಡ ಹಳೇ ಸಾಮಾನಿನ ವ್ಯಾಪಾರಿಗೆ ಕೊಂಡ ಬೆಲೆ, ಮಾರಿದ ಬೆಲೆಯ ನಡುವಿನ ಅಂತರಕ್ಕಷ್ಟೇ ತೆರಿಗೆ ಕಟ್ಟುವ ಅವಕಾಶವಿದೆ. ಕೊಂಡ ಬೆಲೆ ಬರೆದಿಟ್ಟುಕೊಳ್ಳದವನಿಗೆ ಅಂತರ ಎಲ್ಲಿಂದ ಬರಬೇಕು? ಯಾರ ಮನೆ, ಯಾವ ದಿನ, ಎಷ್ಟು ಕೊಟ್ಟೆ ಎಂಬ ಮೂರು ಕಾಲಂ ಸಾಕು. ಕದ್ದ ಮಾಲು ಕೈಗೆ ಬಂದು ಪೊಲೀಸರು ಬಾಗಿಲು ತಟ್ಟಿದ ದಿನವೂ ಅದೇ ಪುಸ್ತಕ ಕಾಯುತ್ತದೆ.

ವ್ಯಾಪಾರ ಮಾಡುವ ಮನಸ್ಸಿಲ್ಲದೆ ಸುಮ್ಮನೆ ಓದಿದವರಿಗೂ ಒಂದು ಮಾತು. ನಿಮ್ಮ ಮನೆಯ ಬೀರುವಿನಲ್ಲಿ ನಿಂತುಹೋದ ಎಚ್‌ಎಂಟಿ ಒಂದಿದ್ದರೆ, ನನಗಾಗಲಿ ಗುಜರಿಯವನಿಗಾಗಲಿ ಕೊಡುವ ಮುಂಚೆ ನಿಧಾನವಾಗಿ ಕೀ ಕೊಟ್ಟು ಕಿವಿಗೆ ಹಿಡಿದು ನೋಡಿ. ಹೆಚ್ಚಿನವು ಕೆಟ್ಟಿರುವುದಿಲ್ಲ, ಯಾರೂ ಕೀ ಕೊಟ್ಟಿರುವುದಿಲ್ಲ ಅಷ್ಟೇ.